ವಿಷ ಹೀರುವ ಮಣ್ಣು: ಮಸ್ಕಿ ಸೀಮೆಯಲ್ಲಿ ಅದರ ಬಲವೆಷ್ಟು, ಮಿತಿಯೆಷ್ಟು?

ಮಣ್ಣು ವಿಷವನ್ನು ಎಳೆದುಕೊಳ್ಳುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಹೊಸದೇನಲ್ಲ. ಜ್ವರ ಬಂದಾಗ ಹೊಟ್ಟೆಯ ಮೇಲೆ ಒದ್ದೆ ಮಣ್ಣಿನ ಪಟ್ಟಿ ಹಾಕುವುದು, ಚೇಳು ಕುಟುಕಿದ ಜಾಗಕ್ಕೆ ಹುತ್ತದ ಮಣ್ಣು ಮೆತ್ತುವುದು, ಮುಖದ ಕಾಂತಿಗೆ ಮುಲ್ತಾನಿ ಮಿಟ್ಟಿ ಹಚ್ಚುವುದು ಇವೆಲ್ಲ ಈ ನಂಬಿಕೆಯ ಬೇರೆಬೇರೆ ರೂಪಗಳು. ಈಚಿನ ವರ್ಷಗಳಲ್ಲಿ ಇದಕ್ಕೆ ಹೊಸದೊಂದು ಸೇರ್ಪಡೆಯಾಗಿದೆ. 'ಬೆಂಟೊನೈಟ್' ಎಂಬ ಹೆಸರಿನ ಜೇಡಿಮಣ್ಣಿನ ಪುಡಿಯನ್ನು ನೀರಿನಲ್ಲಿ ಕಲಸಿ ಕುಡಿದರೆ ದೇಹದಲ್ಲಿ ಸೇರಿದ ಸೀಸ, ಪಾದರಸ, ಆರ್ಸೆನಿಕ್, ಕೀಟನಾಶಕ ಮುಂತಾದ ವಿಷಗಳೆಲ್ಲ ಹೊರಬೀಳುತ್ತವೆ ಎಂಬ ಪ್ರಚಾರ ನಗರಗಳಲ್ಲಿ ಜೋರಾಗಿದೆ.

ಈ ಮಾತಿನಲ್ಲಿ ನಿಜವೆಷ್ಟು ಎಂಬುದನ್ನು ಪರೀಕ್ಷಿಸಲು ರಾಯಚೂರು ಜಿಲ್ಲೆಯ ಮಸ್ಕಿಗಿಂತ ಸೂಕ್ತವಾದ ಸೀಮೆ ಸಿಗಲಾರದು. ವಿಷ ಹೀರುವ ಗುಣವಿರುವ ಎರೆಮಣ್ಣು ಇಲ್ಲಿ ಕಣ್ಣಳತೆಯುದ್ದಕ್ಕೂ ಹರಡಿದೆ. ಅದೇ ನೆಲದ ಕೆಳಗೆ ಆರ್ಸೆನಿಕ್ ಮತ್ತು ಫ್ಲೋರೈಡ್‌ನಂತಹ ನೈಸರ್ಗಿಕ ವಿಷಗಳೂ ಇವೆ. ಮದ್ದು ಮತ್ತು ವಿಷ ಎರಡೂ ಒಂದೇ ನೆಲದಲ್ಲಿರುವಾಗ ಯಾವುದು ಯಾವುದನ್ನು ತಡೆಯಬಲ್ಲದು ಎಂಬುದು ಕೇವಲ ಕುತೂಹಲದ ಪ್ರಶ್ನೆಯಲ್ಲ, ಆರೋಗ್ಯದ ಪ್ರಶ್ನೆ.

ಚಿನ್ನದ ನಾಡು, ಎರೆಯ ನಾಡು

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ದೋಆಬ್ ಪ್ರದೇಶದಲ್ಲಿರುವ ಮಸ್ಕಿ ಇತಿಹಾಸದ ವಿದ್ಯಾರ್ಥಿಗಳಿಗೆಲ್ಲ ಪರಿಚಿತ ಹೆಸರು. 1915ರಲ್ಲಿ ಚಿನ್ನದ ಗಣಿ ಎಂಜಿನಿಯರ್ ಸಿ. ಬೀಡನ್ ಇಲ್ಲಿನ ಬೆಟ್ಟದಲ್ಲಿ ಅಶೋಕನ ಶಾಸನವನ್ನು ಪತ್ತೆಹಚ್ಚಿದರು. 'ದೇವಾನಾಂಪ್ರಿಯ' ಎಂಬ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರೂ ಇದ್ದ ಕಾರಣ ಈ ಶಾಸನ ಜಗತ್ಪ್ರಸಿದ್ಧವಾಯಿತು. ಶಾಸನ ಸಿಕ್ಕಿದ್ದು ಗಣಿ ಎಂಜಿನಿಯರ್‌ ಒಬ್ಬರ ಕಣ್ಣಿಗೆ ಎಂಬುದು ಆಕಸ್ಮಿಕವಲ್ಲ. ಭೂವಿಜ್ಞಾನಿಗಳು 'ಹಟ್ಟಿ-ಮಸ್ಕಿ' ಎಂದು ಕರೆಯುವ ಪುರಾತನ ಶಿಲಾಪಟ್ಟಿಯಲ್ಲಿ ಚಿನ್ನದ ಅದಿರಿದೆ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಇಂದಿಗೂ ಚಿನ್ನ ತೆಗೆಯಲಾಗುತ್ತಿದೆ.

ಇಲ್ಲಿನ ಮಣ್ಣಿನಲ್ಲಿ ಮುಖ್ಯವಾಗಿ ಎರಡು ಬಗೆ. ರೈತರು ಎರೆ ಅಥವಾ ಎರಿ ಎಂದು ಕರೆಯುವ ಕಪ್ಪು ಮಣ್ಣು ಒಂದು. ಮಸಾರಿ ಎಂದು ಕರೆಯುವ ಕೆಂಪು ಛಾಯೆಯ ಹಗುರ ಮಣ್ಣು ಇನ್ನೊಂದು. ಎರೆಹೊಲ ಬೇಸಿಗೆಯಲ್ಲಿ ಕಾಲು ಇಳಿಯುವಷ್ಟು ಬಿರುಕು ಬಿಡುತ್ತದೆ, ಮಳೆ ಬಿದ್ದೊಡನೆ ಉಬ್ಬಿ ಬಿರುಕು ಮುಚ್ಚಿಕೊಳ್ಳುತ್ತದೆ. ಹೀಗೆ ಉಬ್ಬುವ, ಕುಗ್ಗುವ ಗುಣಕ್ಕೆ ಅದರಲ್ಲಿರುವ ಸ್ಮೆಕ್ಟೈಟ್ ವರ್ಗದ ಜೇಡಿ ಖನಿಜಗಳು ಕಾರಣ. ಅಂಗಡಿಯಲ್ಲಿ ದುಬಾರಿ ಬೆಲೆಗೆ ಮಾರಾಟವಾಗುವ ಬೆಂಟೊನೈಟ್‌ನ ಮುಖ್ಯ ಅಂಶವಾದ ಮಾಂಟ್‌ಮೊರಿಲ್ಲೊನೈಟ್ ಕೂಡ ಇದೇ ವರ್ಗಕ್ಕೆ ಸೇರಿದ್ದು.

ಮಣ್ಣು ವಿಷ ಹೀರುವ ಬಗೆ

ಮಣ್ಣಿನ ಕಣಗಳಲ್ಲಿ 0.002 ಮಿಲಿಮೀಟರ್‌ಗಿಂತ ಚಿಕ್ಕವನ್ನು ಜೇಡಿ ಎನ್ನುತ್ತಾರೆ. ಮಾಂಟ್‌ಮೊರಿಲ್ಲೊನೈಟ್‌ನ ಒಂದೊಂದು ಕಣವೂ ಪುಸ್ತಕದ ಹಾಳೆಗಳಂತೆ ಒಂದರ ಮೇಲೊಂದು ಜೋಡಿಸಿದ ಅತಿ ತೆಳುವಾದ ಪದರಗಳಿಂದಾಗಿದೆ. ನೀರು ಸೇರಿದಾಗ ಹಾಳೆಗಳು ಪರಸ್ಪರ ದೂರ ಸರಿಯುತ್ತವೆ. ಎಲ್ಲ ಹಾಳೆಗಳನ್ನೂ ಬಿಡಿಸಿ ಹರಡಿದರೆ ಒಂದೇ ಒಂದು ಗ್ರಾಂ ಜೇಡಿಯ ಮೇಲ್ಮೈ ಸುಮಾರು 700 ಚದರ ಮೀಟರ್‌ನಷ್ಟಾಗುತ್ತದೆ. ಇದು ಎಂಟು ಬ್ಯಾಡ್ಮಿಂಟನ್ ಅಂಕಣಗಳಿಗೂ ಮಿಗಿಲಾದ ವಿಸ್ತೀರ್ಣ.

ಈ ಹಾಳೆಗಳ ಮೇಲೆ ಋಣ ವಿದ್ಯುದಾವೇಶವಿರುತ್ತದೆ. ಆದ್ದರಿಂದ ಧನ ಆವೇಶವುಳ್ಳ ಕಣಗಳು ಅವುಗಳತ್ತ ಆಕರ್ಷಿತವಾಗಿ ಅಂಟಿಕೊಳ್ಳುತ್ತವೆ. ಸೀಸ, ಕ್ಯಾಡ್ಮಿಯಂ, ವಿಕಿರಣಶೀಲ ಸೀಸಿಯಂ, ಪ್ಯಾರಾಕ್ವಾಟ್ ಎಂಬ ಕಳೆನಾಶಕ ಇವೆಲ್ಲ ಈ ಗುಂಪಿನವು. ಮಣ್ಣು ವಿಷ ಹೀರುತ್ತದೆ ಎಂಬ ಮಾತಿನ ಹಿಂದಿರುವ ವೈಜ್ಞಾನಿಕ ಸತ್ಯ ಇದು. ಆದರೆ ಎಲ್ಲ ಜೇಡಿಯೂ ಒಂದೇ ಅಲ್ಲ. ಬಿಳಿ ಜೇಡಿ ಎನಿಸಿದ ಕೇಓಲಿನ್ ನೀರಿನಲ್ಲಿ ಉಬ್ಬುವುದಿಲ್ಲ. ಅದರ ಹಿಡಿದಿಡುವ ಶಕ್ತಿ ಮಾಂಟ್‌ಮೊರಿಲ್ಲೊನೈಟ್‌ಗಿಂತ ಹಲವು ಪಟ್ಟು ಕಡಿಮೆ.

ನಿಜವಾಗಿಯೂ ಫಲ ಕೊಟ್ಟ ಪ್ರಸಂಗಗಳು

ಜೇಡಿಮಣ್ಣು ವಿಷದಿಂದ ರಕ್ಷಿಸಿದ ಪ್ರಸಂಗಗಳು ಇಲ್ಲದಿಲ್ಲ. ಪ್ರಾಚೀನ ಗ್ರೀಸಿನ ಲೆಮ್ನೋಸ್ ದ್ವೀಪದ ಮಣ್ಣನ್ನು ಬಿಲ್ಲೆ ಮಾಡಿ, ಮುದ್ರೆಯೊತ್ತಿ, ವಿಷಕ್ಕೆ ಮದ್ದೆಂದು ಮಾರುತ್ತಿದ್ದರು. ಆಧುನಿಕ ಕಾಲದ ನಿದರ್ಶನಗಳು ಇನ್ನೂ ಸ್ಪಷ್ಟವಾಗಿವೆ.

1986ರ ಚೆರ್ನೋಬಿಲ್ ಅಣು ದುರಂತದ ನಂತರ ಯುರೋಪಿನ ಹುಲ್ಲುಗಾವಲುಗಳ ಮೇಲೆ ವಿಕಿರಣಶೀಲ ಸೀಸಿಯಂ ಬಿದ್ದಿತು. ಸ್ಕ್ಯಾಂಡಿನೇವಿಯಾದಲ್ಲಿ ಕುರಿ ಮತ್ತು ಹಿಮಸಾರಂಗಗಳ ಮೇವಿನಲ್ಲಿ ಬೆಂಟೊನೈಟ್ ಬೆರೆಸಿ, ಸೀಸಿಯಂ ಅವುಗಳ ಮಾಂಸ ಸೇರದಂತೆ ತಡೆಯುವ ಕ್ರಮ ಕೈಗೊಳ್ಳಲಾಯಿತು.

ಶೇಂಗಾ, ಮೆಕ್ಕೆಜೋಳಗಳಿಗೆ ಬೂಷ್ಟು ಹಿಡಿದಾಗ ಹುಟ್ಟುವ ಅಫ್ಲಟಾಕ್ಸಿನ್ ಯಕೃತ್ತಿನ ಕ್ಯಾನ್ಸರ್‌ಗೆ ಕಾರಣವಾಗುವ ವಿಷ. 1960ರಲ್ಲಿ ಇಂಗ್ಲೆಂಡ್‌ನಲ್ಲಿ ಒಂದು ಲಕ್ಷದಷ್ಟು ಟರ್ಕಿ ಕೋಳಿಗಳು ಸತ್ತಾಗ ಮೇವಿನಲ್ಲಿದ್ದ ಶೇಂಗಾ ಹಿಂಡಿಯ ಮೂಲಕ ಈ ವಿಷ ಬೆಳಕಿಗೆ ಬಂತು. ಇಂದು ಕೋಳಿ ಮತ್ತು ಜಾನುವಾರುಗಳ ಮೇವಿನಲ್ಲಿ ಅಫ್ಲಟಾಕ್ಸಿನ್ ಹಿಡಿಯಲು ಜೇಡಿ ಬೆರೆಸುವುದು ಜಗತ್ತಿನಾದ್ಯಂತ ರೂಢಿಯಲ್ಲಿದೆ. ಆಫ್ರಿಕಾದ ಘಾನಾದಲ್ಲಿ ಶುದ್ಧೀಕರಿಸಿದ ಇಂತಹ ಜೇಡಿಯನ್ನು ಗುಳಿಗೆಯ ರೂಪದಲ್ಲಿ ಮನುಷ್ಯರಿಗೆ ಮೂರು ತಿಂಗಳು ಕೊಟ್ಟು ನಡೆಸಿದ ಪ್ರಯೋಗದಲ್ಲಿ ದೇಹ ಸೇರುವ ಅಫ್ಲಟಾಕ್ಸಿನ್ ಪ್ರಮಾಣ ತಗ್ಗಿದ್ದು ಕಂಡುಬಂತು.

ಇನ್ನು ಪ್ಯಾರಾಕ್ವಾಟ್. ಇದಕ್ಕೆ ನಿಶ್ಚಿತ ಪ್ರತಿವಿಷವಿಲ್ಲ. ಯಾರಾದರೂ ಇದನ್ನು ನುಂಗಿದರೆ ಆಸ್ಪತ್ರೆಗಳಲ್ಲಿ ಇದ್ದಿಲ ಪುಡಿ, ಫುಲ್ಲರ್ಸ್ ಅರ್ಥ್ ಅಥವಾ ಬೆಂಟೊನೈಟ್ ದ್ರಾವಣವನ್ನು ಕುಡಿಸಲಾಗುತ್ತದೆ. ಫುಲ್ಲರ್ಸ್ ಅರ್ಥ್ ಎಂದರೆ ನಮ್ಮ ಮುಲ್ತಾನಿ ಮಿಟ್ಟಿಯ ಬಳಗದ ಜೇಡಿಯೇ. ಆದರೆ ಇದನ್ನು ನುಂಗಿದ ಕೆಲವೇ ಗಂಟೆಗಳೊಳಗೆ ಕೊಡಬೇಕು. ಆಗಲೂ ಪ್ರಾಣ ಉಳಿಯುವ ಭರವಸೆಯಿಲ್ಲ. ರಾಸಾಯನಿಕ ಅಸ್ತ್ರದ ಹನಿಗಳು ಚರ್ಮದ ಮೇಲೆ ಬಿದ್ದರೆ ಹೀರಿ ತೆಗೆಯಲು ಸೈನಿಕರು ಬಳಸುವ ಪುಡಿಯಲ್ಲೂ ಫುಲ್ಲರ್ಸ್ ಅರ್ಥ್ ಇರುತ್ತದೆ.

ಈ ಎಲ್ಲ ಪ್ರಸಂಗಗಳಲ್ಲಿ ಸಮಾನವಾದ ಅಂಶವೊಂದಿದೆ. ವಿಷ ಇನ್ನೂ ರಕ್ತಕ್ಕೆ ಸೇರುವ ಮೊದಲು, ಕರುಳಿನಲ್ಲಿ ಅಥವಾ ಚರ್ಮದ ಮೇಲೆ ಇರುವಾಗ ಮಾತ್ರ ಜೇಡಿ ಅದನ್ನು ಹಿಡಿದಿದೆ. ರಕ್ತ, ಮೂಳೆ, ಯಕೃತ್ತು, ಮೂತ್ರಪಿಂಡಗಳನ್ನು ಈಗಾಗಲೇ ಸೇರಿರುವ ವಿಷವನ್ನು ಎಳೆದು ಹೊರತರುವ ಶಕ್ತಿ ಕುಡಿದ ಜೇಡಿಗಾಗಲಿ, ಮೈಗೆ ಹಚ್ಚಿದ ಜೇಡಿಗಾಗಲಿ ಇದೆ ಎಂಬುದಕ್ಕೆ ಆಧಾರವಿಲ್ಲ.

ಇಲ್ಲಿನ ವಿಷಗಳೇ ಬೇರೆ

ಮಸ್ಕಿ ಸೀಮೆಯ ಮಟ್ಟಿಗೆ ಸಮಸ್ಯೆ ಇನ್ನೂ ಜಟಿಲ. ಈ ಭಾಗದ ಅಂತರ್ಜಲದಲ್ಲಿ ಆತಂಕಕ್ಕೆ ಕಾರಣವಾಗಿರುವ ಮುಖ್ಯ ವಿಷಗಳು ಫ್ಲೋರೈಡ್ ಮತ್ತು ಆರ್ಸೆನಿಕ್. ಫ್ಲೋರೈಡ್ ಗ್ರಾನೈಟ್ ಮಾದರಿಯ ಶಿಲೆಗಳಿಂದ ಕೊಳವೆಬಾವಿಯ ನೀರಿಗೆ ಕರಗಿ ಬರುತ್ತದೆ. ಆರ್ಸೆನಿಕ್‌ನ ಮೂಲ ಚಿನ್ನದ ಅದಿರಿನ ಜೊತೆಗೇ ಇರುವ ಆರ್ಸೆನೋಪೈರೈಟ್ ಎಂಬ ಖನಿಜ.

ಇದರ ಪರಿಣಾಮ ಎಷ್ಟು ಭೀಕರವಾಗಬಲ್ಲದು ಎಂಬುದಕ್ಕೆ ನೆರೆಯ ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾ ಸಾಕ್ಷಿಯಾಗಿದೆ. ಮಂಗಳೂರು ಎಂಬ ಹಳ್ಳಿಯ ಹೆಸರಿನಿಂದ ಗುರುತಿಸಲಾಗುವ ಹಳೆಯ ಚಿನ್ನದ ಗಣಿ ಪ್ರದೇಶದಲ್ಲಿ ಈ ತಾಂಡಾ ಇದೆ. 2013ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಪರೀಕ್ಷೆಗೊಳಗಾದ ಗ್ರಾಮಸ್ಥರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಚರ್ಮದಲ್ಲಿ ಆರ್ಸೆನಿಕ್‌ನ ಲಕ್ಷಣಗಳಿದ್ದವು. ಅಂಗೈ, ಅಂಗಾಲುಗಳು ಒರಟಾಗಿ ಗಂಟು ಕಟ್ಟುವುದು, ಎದೆ ಮತ್ತು ಬೆನ್ನಿನ ಮೇಲೆ ಮಳೆಹನಿ ಬಿದ್ದಂತೆ ಕಪ್ಪು-ಬಿಳಿ ಚುಕ್ಕೆಗಳೇಳುವುದು ಇದರ ಗುರುತು. ವರ್ಷಗಟ್ಟಲೆ ಇಂತಹ ನೀರು ಕುಡಿದವರಿಗೆ ಚರ್ಮ, ಶ್ವಾಸಕೋಶ ಮತ್ತು ಮೂತ್ರಕೋಶದ ಕ್ಯಾನ್ಸರ್ ಬರುವ ಅಪಾಯ ಹೆಚ್ಚು.

ಜೇಡಿಯ ಹಾಳೆಗಳ ಮೇಲಿರುವುದು ಋಣ ಆವೇಶ ಎಂಬುದನ್ನು ಇಲ್ಲಿ ನೆನಪಿಸಿಕೊಳ್ಳಬೇಕು. ನೀರಿನಲ್ಲಿ ಕರಗಿದ ಫ್ಲೋರೈಡ್ ಕೂಡ ಋಣ ಆವೇಶದ್ದೇ. ಆರ್ಸೆನಿಕ್ ಋಣ ಆವೇಶದ ರೂಪದಲ್ಲಿ, ಇಲ್ಲವೇ ಆವೇಶವೇ ಇಲ್ಲದ ರೂಪದಲ್ಲಿರುತ್ತದೆ. ಅಂದರೆ ಸೀಸಿಯಂ, ಸೀಸಗಳನ್ನು ಗಟ್ಟಿಯಾಗಿ ಹಿಡಿಯುವ ಎರೆಮಣ್ಣು ತನ್ನದೇ ಸೀಮೆಯ ಈ ಎರಡು ವಿಷಗಳ ಮುಂದೆ ದುರ್ಬಲ. ಅವುಗಳನ್ನು ಚೆನ್ನಾಗಿ ಹಿಡಿಯುವುದು ಕಬ್ಬಿಣ ಮತ್ತು ಅಲ್ಯೂಮಿನಿಯಂನ ಆಕ್ಸೈಡ್‌ಗಳು. ಕೆಂಪು ಮಣ್ಣಿಗೆ ಬಣ್ಣ ಕೊಡುವುದು ಇದೇ ಕಬ್ಬಿಣದ ಆಕ್ಸೈಡ್. ಖರಗ್‌ಪುರದ ಐಐಟಿ ವಿಜ್ಞಾನಿಗಳು ಆಮ್ಲ, ಕ್ಷಾರಗಳಿಂದ ಸಂಸ್ಕರಿಸಿದ ಜಂಬಿಟ್ಟಿಗೆಯನ್ನು ಬಳಸಿ ಆರ್ಸೆನಿಕ್ ಸೋಸುವ ಫಿಲ್ಟರ್ ರೂಪಿಸಿರುವುದು ಈ ತತ್ವದ ಮೇಲೆಯೇ. ಫ್ಲೋರೈಡ್ ತೆಗೆಯಲು ಬಳಸುವ ಕ್ರಿಯಾಶೀಲ ಅಲ್ಯೂಮಿನಾ, ಪಟಿಕ ಮತ್ತು ಸುಣ್ಣ ಬೆರೆಸುವ 'ನಲ್ಗೊಂಡ ವಿಧಾನ' ಇವೂ ಅಲ್ಯೂಮಿನಿಯಂ ಗುಣವನ್ನೇ ಆಧರಿಸಿವೆ.

ಹಾಗೆಂದು ಹೊಲದ ಮಸಾರಿ ಮಣ್ಣನ್ನು ಕೊಡದಲ್ಲಿ ಹಾಕಿ ನೀರು ಸೋಸಿದರೆ ಆದೀತು ಎಂದು ಭಾವಿಸುವಂತಿಲ್ಲ. ಮಣ್ಣನ್ನು ಸಂಸ್ಕರಿಸಬೇಕು, ಎಷ್ಟು ನೀರು ಹರಿದ ಮೇಲೆ ಅದರ ಶಕ್ತಿ ಮುಗಿಯುತ್ತದೆ ಎಂಬುದನ್ನು ಅಳೆಯಬೇಕು. ಶಕ್ತಿ ಮುಗಿದ ಮಣ್ಣು ತಾನು ಹಿಡಿದ ವಿಷವನ್ನು ನೀರಿಗೆ ಮರಳಿ ಬಿಡಲೂಬಹುದು.

ಮಣ್ಣೇ ವಿಷವಾದಾಗ

ಹಿಡಿದಿಡುವ ಗುಣವೇ ಜೇಡಿಮಣ್ಣಿನ ದೋಷವೂ ಹೌದು. ಸಾವಿರಾರು ವರ್ಷಗಳಿಂದ ನೆಲದಲ್ಲಿದ್ದ ಜೇಡಿ ಸುತ್ತಲಿನ ಸೀಸ, ಆರ್ಸೆನಿಕ್‌ಗಳನ್ನು ಮೊದಲೇ ಹೊತ್ತುಕೊಂಡಿರಬಹುದು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2016ರಲ್ಲಿ ಮಾರುಕಟ್ಟೆಯಲ್ಲಿದ್ದ ಕೆಲವು ಬೆಂಟೊನೈಟ್ ಪುಡಿಗಳಲ್ಲಿ ಅಪಾಯಕಾರಿ ಪ್ರಮಾಣದ ಸೀಸವಿದೆ ಎಂದು ಎಚ್ಚರಿಸಿತು. ಭೇದಿಗೆ ಔಷಧವಾಗಿ ಬಳಕೆಯಲ್ಲಿರುವ ಶುದ್ಧೀಕರಿಸಿದ ಜೇಡಿಯನ್ನು ಕೂಡ ಎರಡು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಫ್ರಾನ್ಸಿನ ಔಷಧ ಸಂಸ್ಥೆ 2019ರಲ್ಲಿ ಸೂಚಿಸಿತು. ಕಾರಣ, ಅದರಲ್ಲಿ ಸೀಸದ ಅಂಶ ಲೇಶಮಾತ್ರವಾದರೂ ಇರುವ ಸಾಧ್ಯತೆ. ಮಕ್ಕಳ ಮೆದುಳಿಗೆ ಸೀಸದ ಸುರಕ್ಷಿತ ಪ್ರಮಾಣ ಎಂಬುದೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕಾರ್ಖಾನೆಯಲ್ಲಿ ಶುದ್ಧಗೊಳಿಸಿದ ಔಷಧದ ಸ್ಥಿತಿಯೇ ಹೀಗಿರುವಾಗ, ಚಿನ್ನದ ಅದಿರಿನ ಪಟ್ಟಿಯಲ್ಲಿ ಅಗೆದ ಮಣ್ಣನ್ನು ಪರೀಕ್ಷೆಯಿಲ್ಲದೆ ಹೊಟ್ಟೆಗೆ ತೆಗೆದುಕೊಳ್ಳುವುದು ಎಷ್ಟು ಸರಿ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಬಸುರಿಯರ ಮಣ್ಣು ತಿನ್ನುವ ಬಯಕೆಯನ್ನೂ ಇದೇ ದೃಷ್ಟಿಯಿಂದ ನೋಡಬೇಕು. ಮೊದಲ ಮಳೆಗೆ ಎದ್ದ ಮಣ್ಣಿನ ವಾಸನೆ, ಗೋಡೆಯ ಮಣ್ಣಿನ ಹೆಂಟೆ ಕೆಲವು ಗರ್ಭಿಣಿಯರಿಗೆ ತಡೆಯಲಾರದ ಆಸೆ ಹುಟ್ಟಿಸುತ್ತವೆ. ಇದನ್ನು ಮಗುವಿನ ಬಯಕೆ ಎಂದು ಹಿರಿಯರು ನಗೆಯಾಡಿ ಸುಮ್ಮನಾಗುವುದುಂಟು. ಆದರೆ ವೈದ್ಯರ ಪಾಲಿಗೆ ಇದು ಬಹುಮಟ್ಟಿಗೆ ಕಬ್ಬಿಣದ ಕೊರತೆಯ ಲಕ್ಷಣ. ಹೊಟ್ಟೆ ಸೇರಿದ ಜೇಡಿ ಆಹಾರದಲ್ಲಿರುವ ಕಬ್ಬಿಣವನ್ನು ಹಿಡಿದಿಟ್ಟು ರಕ್ತಹೀನತೆಯನ್ನು ಹೆಚ್ಚಿಸುತ್ತದೆ, ಜಂತುಹುಳದ ಮೊಟ್ಟೆಗಳನ್ನೂ ಒಳಗೊಯ್ಯುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ. ಮಣ್ಣು ತಿನ್ನುವ ಗರ್ಭಿಣಿಯನ್ನು ಗದರಿಸುವ ಬದಲು ಆಕೆಯ ರಕ್ತ ಪರೀಕ್ಷೆ ಮಾಡಿಸುವುದು ಮನೆಯವರ ಕರ್ತವ್ಯ.

ಔಷಧ ಸೇವಿಸುವವರು ಇನ್ನೊಂದು ಅಂಶ ಗಮನಿಸಬೇಕು. ಜೇಡಿಗೆ ವಿಷ ಯಾವುದು, ಮದ್ದು ಯಾವುದು ಎಂಬ ಭೇದವಿಲ್ಲ. ಕಬ್ಬಿಣದ ಮಾತ್ರೆ, ಕೆಲವು ಪ್ರತಿಜೈವಿಕಗಳು, ಥೈರಾಯ್ಡ್ ಮಾತ್ರೆ ಮುಂತಾದವನ್ನೂ ಅದು ಹಿಡಿದು ನಿಷ್ಫಲಗೊಳಿಸಬಹುದು.

ಮೈಗೆ ಹಚ್ಚುವ ಮಣ್ಣು

ಪ್ರಕೃತಿ ಚಿಕಿತ್ಸೆಯಲ್ಲಿ ಮಣ್ಣಿಗೆ ಗೌರವದ ಸ್ಥಾನವಿದೆ. ಮಹಾತ್ಮ ಗಾಂಧಿಯವರು ಜರ್ಮನಿಯ ಅಡಾಲ್ಫ್ ಜಸ್ಟ್‌ರ ಬರಹಗಳಿಂದ ಪ್ರೇರಿತರಾಗಿ ಮಣ್ಣಿನ ಪಟ್ಟಿಯನ್ನು ತಾವೂ ಬಳಸಿ, ಇತರರಿಗೂ ಹೇಳಿದರು. ನಮ್ಮ ರಾಜ್ಯದಲ್ಲಿ ಉಜಿರೆ, ಬೆಂಗಳೂರು, ಮೈಸೂರುಗಳ ಪ್ರಕೃತಿ ಚಿಕಿತ್ಸಾ ಕೇಂದ್ರಗಳಲ್ಲಿ ಮಣ್ಣಿನ ಚಿಕಿತ್ಸೆ ಇಂದಿಗೂ ನಡೆಯುತ್ತಿದೆ. ನೆಲದ ಮೇಲ್ಪದರ ಬಿಟ್ಟು ಆಳದಿಂದ ತೆಗೆದ ಮಣ್ಣನ್ನು ಒಣಗಿಸಿ, ಜರಡಿ ಹಿಡಿದು, ನೆನೆಸಿ ಬಳಸುವುದು ಅಲ್ಲಿನ ಪದ್ಧತಿ.

ಒದ್ದೆ ಮಣ್ಣು ನಿಧಾನವಾಗಿ ಒಣಗುತ್ತ ಮೈಯ ಶಾಖವನ್ನು ಎಳೆದುಕೊಳ್ಳುತ್ತದೆ, ಚರ್ಮದ ಮೇಲಿನ ಜಿಡ್ಡನ್ನು ಹೀರುತ್ತದೆ, ಮನಸ್ಸಿಗೆ ಹಿತವೆನಿಸುತ್ತದೆ. ಇಷ್ಟು ಲಾಭಗಳನ್ನು ಅಲ್ಲಗಳೆಯುವಂತಿಲ್ಲ. ಆದರೆ ಆರ್ಸೆನಿಕ್ ದೇಹದಿಂದ ಹೊರಹೋಗುವುದು ಮುಖ್ಯವಾಗಿ ಮೂತ್ರದ ಮೂಲಕ. ಬೆನ್ನಿಗೆ ಮಣ್ಣು ಮೆತ್ತಿದ ಮಾತ್ರಕ್ಕೆ ಅದು ಚರ್ಮದಿಂದ ಇಳಿದು ಬರುವುದಿಲ್ಲ. ತೆರೆದ ಗಾಯದ ಮೇಲೆ, ನವಜಾತ ಶಿಶುವಿನ ಹೊಕ್ಕುಳಿಗೆ ಮಣ್ಣು ಹಚ್ಚುವುದಂತೂ ಪ್ರಾಣಾಪಾಯಕಾರಿ. ಧನುರ್ವಾಯು ತರುವ ರೋಗಾಣುಗಳ ನೆಲೆ ಮಣ್ಣೇ.

ಕೀಟನಾಶಕದ ವಿಷಯದಲ್ಲಿ

ತುಂಗಭದ್ರಾ ಎಡದಂಡೆ ಕಾಲುವೆ ಬಂದ ನಂತರ ಸಿಂಧನೂರು, ಮಸ್ಕಿ ಭಾಗದಲ್ಲಿ ಭತ್ತದ ಬೇಸಾಯ ವ್ಯಾಪಕವಾಗಿದೆ. ಹತ್ತಿ, ಮೆಣಸಿನಕಾಯಿ ಬೆಳೆಯುವವರೂ ಇದ್ದಾರೆ. ಕೀಟನಾಶಕ ಸಿಂಪಡಿಸುವ ಕೂಲಿಕಾರರಿಗೆ ಪರಿಸರದ ವಿಷವೆಂದರೆ ದೂರದ ಮಾತಲ್ಲ, ಬೆನ್ನ ಮೇಲಿನ ಡಬ್ಬಿಯಿಂದ ಸೋರುವ ದ್ರಾವಣ.

ಔಷಧ ಮೈಮೇಲೆ ಚೆಲ್ಲಿದಾಗ ಒಣ ಮಣ್ಣು ಉಜ್ಜಿಕೊಂಡರೆ ಸಾಕು ಎಂಬ ಭಾವನೆ ಹಲವೆಡೆ ಇದೆ. ಸೈನಿಕರ ಪುಡಿಯ ಉದಾಹರಣೆ ಇದಕ್ಕೆ ಸಮರ್ಥನೆಯಂತೆ ಕಂಡರೂ ಹೊಲದ ಮಣ್ಣು ಉಜ್ಜಿದರೆ ಚರ್ಮ ತರಚಿ ವಿಷ ಇನ್ನೂ ಬೇಗ ಒಳಸೇರಬಹುದು. ತೊಯ್ದ ಬಟ್ಟೆಯನ್ನು ತಕ್ಷಣ ಕಳಚಿ, ಧಾರಾಳ ನೀರು ಮತ್ತು ಸಾಬೂನಿನಿಂದ ತೊಳೆದುಕೊಳ್ಳುವುದೇ ಸರಿಯಾದ ಕ್ರಮ. ಬಾಯಲ್ಲಿ ಜೊಲ್ಲು, ಅತಿಯಾದ ಬೆವರು, ಕಣ್ಣು ಮಂಜಾಗುವುದು, ವಾಂತಿ, ಉಸಿರಾಟದ ತೊಂದರೆ ಕಾಣಿಸಿಕೊಂಡರೆ 108 ವಾಹನ ಕರೆಸಿ, ಕೀಟನಾಶಕದ ಡಬ್ಬಿ ಅಥವಾ ಚೀಟಿಯನ್ನು ಜೊತೆಯಲ್ಲೇ ಆಸ್ಪತ್ರೆಗೆ ಒಯ್ಯಬೇಕು. ಯಾವ ವಿಷ ಎಂದು ತಿಳಿದರೆ ವೈದ್ಯರ ಅರ್ಧ ಕೆಲಸ ಮುಗಿದಂತೆ. ಮನೆಯಲ್ಲೇ ಮಣ್ಣಿನ ನೀರು ಕುಡಿಸುತ್ತ ಹೊತ್ತು ಕಳೆಯುವುದು ಜೀವಕ್ಕೆ ಎರವಾದೀತು.

ಮಾಡಬೇಕಾದ್ದೇನು?

ಪರಿಸರದ ವಿಷದಿಂದ ರಕ್ಷಣೆ ಪಡೆಯುವ ಮೊದಲ ಹೆಜ್ಜೆ ವಿಷ ದೇಹ ಸೇರದಂತೆ ನೋಡಿಕೊಳ್ಳುವುದು. ಕುಡಿಯುವ ಕೊಳವೆಬಾವಿಯ ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸುವಾಗ ಫ್ಲೋರೈಡ್ ಮತ್ತು ಆರ್ಸೆನಿಕ್ ಎರಡನ್ನೂ ಹೆಸರಿಸಿ ಕೇಳಬೇಕು. ಆರ್ಸೆನಿಕ್ ಲೀಟರಿಗೆ 0.01 ಮಿಲಿಗ್ರಾಂ ಮೀರಬಾರದು. ಫ್ಲೋರೈಡ್ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ದಾರಿಯಿಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಸಹ್ಯ ಎನ್ನುತ್ತದೆ ಭಾರತೀಯ ಮಾನಕ.

ನೀರನ್ನು ಕುದಿಸುವುದರಿಂದ ರೋಗಾಣು ಸಾಯುತ್ತವೆಯೇ ಹೊರತು ಈ ಎರಡು ವಿಷಗಳು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅವುಗಳ ಸಾಂದ್ರತೆ ಹೆಚ್ಚುತ್ತದೆ. ಮಣ್ಣಿನ ಗಡಿಗೆ ನೀರನ್ನು ತಂಪು ಮಾಡುತ್ತದೆ, ಆರ್ಸೆನಿಕ್ ತೆಗೆಯುವುದಿಲ್ಲ. ನೀರಿನಲ್ಲಿ ಆರ್ಸೆನಿಕ್ ಇದೆ ಎಂದು ತಿಳಿದ ಮೇಲೆ ಕುಡಿಯಲು ಮತ್ತು ಅಡುಗೆಗೆ ನದಿಮೂಲದ ಶುದ್ಧೀಕರಿಸಿದ ನೀರು, ಮಳೆನೀರು ಅಥವಾ ಪರೀಕ್ಷಿತ ಶುದ್ಧೀಕರಣ ಘಟಕದ ನೀರನ್ನು ಬಳಸಬೇಕು. ಅದೇ ಕೊಳವೆಬಾವಿಯ ನೀರು ಸ್ನಾನಕ್ಕೆ, ಬಟ್ಟೆ ಒಗೆಯಲು ಅಷ್ಟಾಗಿ ತೊಂದರೆ ಮಾಡದು. ಅಂಗೈ ಒರಟಾಗಿ ಚುಕ್ಕೆಗಳೆದ್ದವರು ಚರ್ಮವೈದ್ಯರನ್ನು ಕಾಣಬೇಕು. ನೀರಿನ ಮೂಲ ಬದಲಿಸದೆ ಯಾವ ಚಿಕಿತ್ಸೆಯೂ ಫಲಿಸದು.

ಬೂಷ್ಟು ಹಿಡಿದ ಶೇಂಗಾ, ಮೆಕ್ಕೆಜೋಳ, ಮೆಣಸಿನಕಾಯಿಯನ್ನು ಬಿಸಾಡುವುದು, ಕಾಳನ್ನು ಚೆನ್ನಾಗಿ ಒಣಗಿಸಿ ಸಂಗ್ರಹಿಸುವುದು ಯಾವ ಜೇಡಿ ಗುಳಿಗೆಗಿಂತಲೂ ಉತ್ತಮ ರಕ್ಷಣೆ. ಮುಖಕ್ಕೆ ಮುಲ್ತಾನಿ ಮಿಟ್ಟಿ ಹಚ್ಚಿ ತೊಳೆದುಕೊಳ್ಳುವುದಕ್ಕೆ ಅಡ್ಡಿಯಿಲ್ಲ. ಆದರೆ ಅದೇ ಪುಡಿಯನ್ನು ಲೋಟದಲ್ಲಿ ಕಲಸಿ ಕುಡಿಯುವ ಮೊದಲು ಅದರಲ್ಲಿ ಏನಿದೆ ಎಂಬ ಪರೀಕ್ಷಾ ವರದಿ ಕೇಳುವುದು ಗ್ರಾಹಕರ ಹಕ್ಕು.

1954ರಲ್ಲಿ ಬಿ.ಕೆ. ಥಾಪರ್ ಅವರು ಮಸ್ಕಿಯಲ್ಲಿ ನಡೆಸಿದ ಉತ್ಖನನದಲ್ಲಿ ಶಿಲಾಯುಗದ ಕೊನೆಯ ಹಂತದಿಂದ ಇಲ್ಲಿ ಜನವಸತಿ ಇದ್ದುದು ದೃಢಪಟ್ಟಿತು. ಅಷ್ಟು ಕಾಲದಿಂದ ಇಲ್ಲಿನ ಮಣ್ಣು ಮಡಕೆಯಾಗಿ, ಗೋಡೆಯಾಗಿ, ಜೋಳ ಬೆಳೆಯುವ ಹೊಲವಾಗಿ ಜನರನ್ನು ಪೊರೆದಿದೆ. ಅದರ ಋಣ ದೊಡ್ಡದು. ಆದರೆ ಆಳದ ಕೊಳವೆಬಾವಿಗಳು ಮೇಲೆತ್ತಿದ ವಿಷಕ್ಕೆ ಅದೇ ಮಣ್ಣಿನಲ್ಲಿ ಮದ್ದು ಹುಡುಕುವುದಕ್ಕಿಂತ, ಪ್ರತಿ ಮನೆಗೂ ಪರೀಕ್ಷಿಸಿದ ಶುದ್ಧ ನೀರು ತಲುಪಿಸುವುದೇ ಈ ಸೀಮೆಗೆ ಸಲ್ಲಬೇಕಾದ ನಿಜವಾದ ರಕ್ಷಣೆ.